ಸ್ವಚ್ಛತೆಯ ಕೆಲಸಕ್ಕೆ ಗುತ್ತಿಗೆದಾರ ಬೇಡ

ಆಸ್ಪತ್ರೆಯ ನೆಲ ಒರೆಸುವುದು ಆಸ್ಪತ್ರೆಗೆ ಅಗತ್ಯವಾದ ಕೆಲಸವಲ್ಲ. ಶಾಲೆಯ ಶೌಚಾಲಯ ತೊಳೆಯುವುದು ಶಾಲೆಗೆ ಅಗತ್ಯವಲ್ಲ. ಇದು ಯಾರೋ ಮಾತಿನ ಭರದಲ್ಲಿ ಆಡಿದ್ದಲ್ಲ, ದೇಶದ ಕಾನೂನಿನಲ್ಲೇ ಅಚ್ಚಾಗಿರುವುದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಒಂದು ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದು ಎನ್ನುತ್ತದೆ. ಆದರೆ ಯಾವುದು ಮೂಲ ಚಟುವಟಿಕೆ ಎಂದು ವಿವರಿಸುವಾಗ ಒಂದು ಪಟ್ಟಿ ಕೊಟ್ಟು, ಅದರಲ್ಲಿರುವ ಕೆಲಸಗಳನ್ನು ಹೊರಗಿಡುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರುವುದೇ ಗುಡಿಸುವುದು, ತೊಳೆಯುವುದು, ಧೂಳು ಒರೆಸುವುದು, ಕಸ ಸಂಗ್ರಹಿಸಿ ವಿಲೇವಾರಿ ಮಾಡುವುದು. ಸಂಸ್ಥೆ ಹುಟ್ಟಿರುವುದೇ ಆ ಕೆಲಸಕ್ಕಾಗಿ ಅಲ್ಲದಿದ್ದರೆ, ಇವು ಯಾವುವೂ ಅಗತ್ಯ ಕೆಲಸಗಳಲ್ಲ ಎಂಬುದು ಅದರ ತೀರ್ಮಾನ.

ಈ ಸಂಹಿತೆ ರಾಜ್ಯಸಭೆಯಲ್ಲಿ ಅಂಗೀಕಾರವಾದದ್ದು 2020ರ ಸೆಪ್ಟೆಂಬರ್ 23ರಂದು. ಕರ್ನಾಟಕ ಪ್ರತಿವರ್ಷ ಪೌರಕಾರ್ಮಿಕರ ದಿನ ಆಚರಿಸುವುದೂ ಸೆಪ್ಟೆಂಬರ್ 23ರಂದೇ. ಸಂಹಿತೆಯ ಅಂಗೀಕಾರಕ್ಕೆ ಆರು ತಿಂಗಳ ಹಿಂದೆ, ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ, ಮನೆಯಿಂದ ಹೊರಬಂದು ದುಡಿಯಲೇಬೇಕಾದವರ ಪಟ್ಟಿಯಲ್ಲಿ ಕೇಂದ್ರ ಸರ್ಕಾರ ಸ್ವಚ್ಛತಾ ಕಾರ್ಮಿಕರನ್ನು ಸೇರಿಸಿತ್ತು. ಕೋವಿಡ್ ಸೋಂಕು ಹರಡುವಾಗ ಅಗತ್ಯವಾಗಿದ್ದ ಅದೇ ಕೈಗಳು, ಸಂಬಳ ಮತ್ತು ಭದ್ರತೆಯ ಪ್ರಶ್ನೆ ಬಂದಾಗ ಅನಗತ್ಯವಾದವು. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಈ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ. ಪ್ರತಿದಿನ ನಡೆಯಲೇಬೇಕಾದ, ಒಂದೇ ಜಾಗದಲ್ಲಿ, ಒಬ್ಬರ ಅಪ್ಪಣೆಯಂತೆ ಮಾಡುವ ಸ್ವಚ್ಛತೆಯ ಕೆಲಸಕ್ಕೆ ನಡುವೆ ಗುತ್ತಿಗೆದಾರ ಬೇಕಾಗಿಲ್ಲ. ಕೆಲಸ ಯಾರದೋ ಅವರೇ ನೇಮಿಸಿಕೊಳ್ಳಬೇಕು, ಅವರೇ ಸಂಬಳ ಕೊಡಬೇಕು, ಅನಾಹುತವಾದರೆ ಅವರೇ ಉತ್ತರ ಹೇಳಬೇಕು. ‘ಸ್ವಯಂ ಉದ್ಯೋಗಿ’, ‘ಪಾಲುದಾರ’, ‘ಸ್ವಯಂಸೇವಕ’ ಎಂಬ ಯಾವ ಹಣೆಪಟ್ಟಿಯೂ ಈ ಹೊಣೆಯನ್ನು ತಪ್ಪಿಸಬಾರದು.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಝಾಡಮಾಲಿಗಳ ಸ್ಥಿತಿಗತಿಯ ಅಧ್ಯಯನಕ್ಕೆ ನೇಮಕವಾದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಐನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದು ಸಮಿತಿ ಹೇಳಿತ್ತು. ಆ ಲೆಕ್ಕದ ಹಿಂದೆ ಒಂದು ತಿಳಿವಳಿಕೆ ಇತ್ತು: ಊರು ಬೆಳೆದಂತೆ ಕಸ ಬೆಳೆಯುತ್ತದೆ, ಹೊರುವ ಕೈಗಳು ಹೆಚ್ಚದಿದ್ದರೆ ಇರುವ ಬೆನ್ನುಗಳೇ ಮುರಿಯುತ್ತವೆ. ಮುಂದೆ ಊರುಗಳು ಬೆಳೆದವು, ಹುದ್ದೆಗಳು ಬೆಳೆಯಲಿಲ್ಲ. ಖಾಲಿಯಾದ ಹುದ್ದೆ ಖಾಲಿಯೇ ಉಳಿಯಿತು, ಆ ಕೆಲಸ ಟೆಂಡರ್ ಮೂಲಕ ಗುತ್ತಿಗೆದಾರನ ಪಾಲಾಯಿತು. ದಶಕಗಳ ನಂತರ ಖಾಯಂ ನೇಮಕಕ್ಕೆ ಸರ್ಕಾರ ಮುಂದಾದಾಗಲೂ ಒಪ್ಪಿಕೊಂಡದ್ದು ಏಳುನೂರು ಜನಕ್ಕೆ ಒಬ್ಬರು ಎಂಬ ಲೆಕ್ಕವನ್ನು. ಸಾಲಪ್ಪನವರ ವರದಿಗೆ ಅರ್ಧ ಶತಮಾನವಾಯಿತು, ಅವರ ಲೆಕ್ಕವನ್ನು ಇನ್ನೂ ಯಾರೂ ಮುಟ್ಟಿಲ್ಲ.

ಗುತ್ತಿಗೆಯ ಆ ವರ್ಷಗಳಲ್ಲಿ ಬೀದಿ ಗುಡಿಸಿದವರು ಯಾರೆಂಬುದನ್ನು ಮುಚ್ಚಿಡಬೇಕಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಜಾವ ಮಸ್ಟರಿಂಗ್ ಜಾಗಕ್ಕೆ ಬಂದು ಮೇಸ್ತ್ರಿಯ ಮುಂದೆ ಹಾಜರಿ ಹಾಕಿಸಿ ಪೊರಕೆ ಹಿಡಿಯುತ್ತಿದ್ದವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಹಾಜರಿ ಪುಸ್ತಕ ಮೇಸ್ತ್ರಿಯ ಕೈಯಲ್ಲಿ, ಸಂಬಳದ ಚೀಟಿ ಗುತ್ತಿಗೆದಾರನ ಕೈಯಲ್ಲಿ. ಭವಿಷ್ಯನಿಧಿಗೆಂದು ಕಡಿತವಾದ ಹಣ ಖಾತೆಗೆ ಬಿದ್ದಿದೆಯೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಪಾಲಿಕೆಯನ್ನು ಕೇಳಿದರೆ ಗುತ್ತಿಗೆದಾರನನ್ನು ಕೇಳಿ ಎನ್ನುತ್ತಿತ್ತು, ಗುತ್ತಿಗೆದಾರನನ್ನು ಕೇಳಿದರೆ ಪಾಲಿಕೆಯಿಂದ ಬಿಲ್ಲು ಪಾಸಾಗಿಲ್ಲ ಎನ್ನುತ್ತಿದ್ದ. ಬಯೊಮೆಟ್ರಿಕ್ ಹಾಜರಾತಿ ಬಂದಾಗ ಬಯಲಾದ ಸಂಗತಿ ಇನ್ನೂ ಕೆಟ್ಟದ್ದು. ಗುತ್ತಿಗೆದಾರರ ಕಾಗದದಲ್ಲಿದ್ದ ಹೆಸರುಗಳಿಗೂ ಬಂದು ಬೆರಳೊತ್ತಿದ ಮನುಷ್ಯರಿಗೂ ಸಾವಿರಾರು ಸಂಖ್ಯೆಯ ಅಂತರವಿತ್ತು. ಇಲ್ಲದವರ ಹೆಸರಿನಲ್ಲಿ ಬೊಕ್ಕಸದಿಂದ ಹಣ ಹೋಗುತ್ತಿತ್ತು, ಇರುವವರು ಇಬ್ಬರ ಕೆಲಸ ಮಾಡುತ್ತಿದ್ದರು. ಗುತ್ತಿಗೆ ಅಗ್ಗ ಎಂದು ವಾದಿಸುವವರು ಈ ಲೆಕ್ಕವನ್ನು ಮರೆಯಬಾರದು.

2016ರಲ್ಲಿ ಸರ್ಕಾರ ಪೌರಕಾರ್ಮಿಕರ ಕನಿಷ್ಠ ವೇತನವನ್ನು ತಿಂಗಳಿಗೆ 14,040 ರೂಪಾಯಿಗೆ ಏರಿಸಿತು. 2017ರಲ್ಲಿ ಗುತ್ತಿಗೆ ಕೈಬಿಟ್ಟು ನೇರ ಪಾವತಿಗೆ ಬರಲು ತೀರ್ಮಾನಿಸಿತು. ಆ ಬದಲಾವಣೆಯೂ ನೋವಿಲ್ಲದೆ ಆಗಲಿಲ್ಲ. 2018ರ ಜುಲೈನಲ್ಲಿ, ತಿಂಗಳುಗಟ್ಟಲೆ ಸಂಬಳ ಕಾಣದ ಬೆಂಗಳೂರಿನ ಪೌರಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷದ ನಂತರ, 2022ರ ಜುಲೈ ಮೊದಲ ವಾರದಲ್ಲಿ, ಖಾಯಮಾತಿಗಾಗಿ ಪೌರಕಾರ್ಮಿಕರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಮುಷ್ಕರ ಕೆಲವೇ ದಿನ ನಡೆಯಿತು, ಊರುಗಳು ನಾರಿದವು, ಸರ್ಕಾರ ಮಾತುಕತೆಗೆ ಬಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಮೊದಲ ಹಂತವಾಗಿ 11,133 ಮಂದಿಯನ್ನು ಖಾಯಂ ಮಾಡಲು ಸಂಪುಟ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಮುಖ್ಯಮಂತ್ರಿ ನೇಮಕಾತಿ ಪತ್ರ ಕೊಟ್ಟರು. ಒಂದು ಸರ್ಕಾರ ಶುರು ಮಾಡಿದ್ದನ್ನು ಬೇರೆ ಪಕ್ಷದ ಸರ್ಕಾರ ಮುಂದುವರಿಸಿತು. ಖಜಾನೆ ಮುಳುಗಲಿಲ್ಲ, ಬೀದಿಗಳು ಗುಡಿಸದೆ ಉಳಿಯಲಿಲ್ಲ. ಹಾಗಾಗಿ ಇದು ಆಗದ ಮಾತು ಎಂದು ಇನ್ನು ಮುಂದೆ ಯಾವ ಅಧಿಕಾರಿಯೂ ಹೇಳುವಂತಿಲ್ಲ.

ಆದರೆ ಕೆಲಸ ಅರ್ಧಕ್ಕೇ ನಿಂತಿದೆ. ಬೆಂಗಳೂರಿನಲ್ಲಿ ಬೀದಿ ಗುಡಿಸುವಾಕೆ ಖಾಯಂ ನೌಕರಳಾದಳು. ಅವಳು ಗುಡ್ಡೆ ಹಾಕಿದ ಕಸವನ್ನು ಆಟೋ ಟಿಪ್ಪರ್‌ಗೆ ತುಂಬುವ ಸಹಾಯಕ, ಅದನ್ನು ಓಡಿಸುವ ಚಾಲಕ, ಲಾರಿಗೆ ಸುರಿಯುವ ಲೋಡರ್ ಗುತ್ತಿಗೆದಾರನ ಕೈಕೆಳಗೇ ಉಳಿದರು. ಒಂದೇ ಕಸ, ಒಂದೇ ಬೀದಿ, ಒಂದೇ ಬೆಳಗು. ಪೊರಕೆ ಹಿಡಿದವರಿಗೆ ಒಂದು ನ್ಯಾಯ, ಬುಟ್ಟಿ ಹಿಡಿದವರಿಗೆ ಇನ್ನೊಂದು ನ್ಯಾಯ ಯಾಕೆ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಸಿಕ್ಕಿಲ್ಲ. ಹೊಸ ಸಂಹಿತೆಯ ವಿನಾಯಿತಿಯೂ ಇಲ್ಲಿ ಆಸರೆಯಾಗಬಾರದು. ಯಾಕೆಂದರೆ ನಗರಸಭೆ, ಪಾಲಿಕೆಗಳು ಇರುವುದೇ ಈ ಕೆಲಸಕ್ಕೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆಯನ್ನು ಸಂವಿಧಾನದ ಹನ್ನೆರಡನೇ ಪರಿಚ್ಛೇದ ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಸಾಲಿನಲ್ಲೇ ಇಟ್ಟಿದೆ. ಬೆಂಗಳೂರು ಈಗ ಐದು ಪಾಲಿಕೆಗಳಾಗಿ ಒಡೆದಿದೆ. ಹೊಸ ಪಾಲಿಕೆಗಳು ಹಳೆಯ ಟೆಂಡರ್ ಕಡತಗಳನ್ನೇ ಮುಂದುವರಿಸಿದರೆ, ಒಡೆದದ್ದು ಗಡಿಗಳನ್ನು ಮಾತ್ರ ಎಂದಾಗುತ್ತದೆ.

ಸಂಹಿತೆಯಲ್ಲಿ ಮತ್ತೊಂದು ಬಿರುಕಿದೆ, ಅದು ಹೆಚ್ಚು ಅಪಾಯಕಾರಿ. ಮೂಲ ಚಟುವಟಿಕೆಯೇ ಆಗಿದ್ದರೂ, ಅದನ್ನು ಸಾಮಾನ್ಯವಾಗಿ ಗುತ್ತಿಗೆದಾರರ ಮೂಲಕವೇ ಮಾಡಿಸುವುದು ರೂಢಿಯಾಗಿದ್ದರೆ ನಿಷೇಧ ಅನ್ವಯಿಸದು. ಎಷ್ಟು ಕಾಲ ತಪ್ಪು ಮಾಡಿದರೆ ಅಷ್ಟು ಗಟ್ಟಿಯಾದ ರಕ್ಷಣೆ ಎಂದರ್ಥ. ಹಿಂದಿನ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಎಷ್ಟೇ ದೋಷವಿದ್ದರೂ, ನಿಷೇಧದ ಬಗ್ಗೆ ಯೋಚಿಸುವಾಗ ಸರ್ಕಾರ ನೋಡಬೇಕಾದದ್ದು ಕೆಲಸದ ಸ್ವರೂಪವನ್ನು: ವರ್ಷವಿಡೀ ನಡೆಯುವ ಕೆಲಸವೇ, ಪೂರ್ಣಾವಧಿ ನೌಕರರು ಬೇಕಾಗುವಷ್ಟಿದೆಯೇ, ಇಂಥದೇ ಬೇರೆ ಕಡೆ ಖಾಯಂ ನೌಕರರು ಮಾಡುತ್ತಾರೆಯೇ ಎಂದು. ಈ ಮೂರಕ್ಕೂ ಸ್ವಚ್ಛತೆಯ ಕೆಲಸ ಹೌದು ಎನ್ನುತ್ತದೆ. ಅಲ್ಲದೆ ಹಳೆಯ ಕಾಯ್ದೆ 20 ಕಾರ್ಮಿಕರಿದ್ದಲ್ಲಿ ಅನ್ವಯವಾಗುತ್ತಿತ್ತು. ಈಗ ಆ ಮಿತಿ 50ಕ್ಕೆ ಏರಿದೆ. ಮಿತಿ ಇಪ್ಪತ್ತಿದ್ದಾಗ ಮುಂಬಯಿಯಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಬ್ಬೊಬ್ಬ ಗುತ್ತಿಗೆದಾರನ ಬಳಿ ಇಪ್ಪತ್ತಕ್ಕಿಂತ ಕಡಿಮೆ ಜನ ಇರುವಂತೆ ನೋಡಿಕೊಳ್ಳಲಾಗಿತ್ತು. ಅಲ್ಲಿ ಕಸ ಎತ್ತುವವರನ್ನು ‘ಸ್ವಯಂಸೇವಕರು’ ಎಂದೂ, ಕೊಟ್ಟ ಕೂಲಿಯನ್ನು ಗೌರವಧನ ಎಂದೂ ಕರೆದರು. ಅವರ ಸಂಘ ಹೋರಾಡಿ, ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಗೆದ್ದು, 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಗೆದ್ದಿತು. 2,700 ಮಂದಿ ಮುಂಬಯಿ ಪಾಲಿಕೆಯ ಖಾಯಂ ನೌಕರರು ಎಂದು ತೀರ್ಮಾನವಾಯಿತು. ಮಿತಿ ಐವತ್ತಾದ ಮೇಲೆ ತುಂಡು ಮಾಡುವ ಕತ್ತರಿ ಇನ್ನಷ್ಟು ದೊಡ್ಡದಾಗಿದೆ.

ಆಸ್ಪತ್ರೆಗಳ ವಿಷಯಕ್ಕೆ ಬರೋಣ. ನಮ್ಮ ಆಕ್ಷೇಪ ಅತ್ಯಂತ ಕಠಿಣವಾಗಿರುವುದು ಇಲ್ಲಿಯೇ. ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸುವಾಕೆ ಬರಿಯ ನೆಲ ಒರೆಸುವುದಿಲ್ಲ. ಯಾವ ಬಕೆಟ್ ಯಾವ ಕೊಠಡಿಗೆ, ಹೆರಿಗೆ ಕೋಣೆಯ ಬಟ್ಟೆ ಎಲ್ಲಿಗೆ, ಸೂಜಿಗಳು ಯಾವ ಡಬ್ಬಕ್ಕೆ, ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು ಎಂಬುದು ಅವಳಿಗೆ ಗೊತ್ತಿರಬೇಕು. ಅವಳ ತಪ್ಪಿನಿಂದ ಸೋಂಕು ಹಾಸಿಗೆಯಿಂದ ಹಾಸಿಗೆಗೆ ದಾಟಬಹುದು. 2016ರ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಬಲ್ಲವು. ಆದ್ದರಿಂದಲೇ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಹಾಗೂ ಧನುರ್ವಾಯು ಲಸಿಕೆ ಹಾಕಿಸಬೇಕು ಎಂದು ಆಸ್ಪತ್ರೆಯ ಮೇಲೆ ಹೊಣೆ ಹೊರಿಸಿವೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಏಜೆನ್ಸಿ ಮನಬಂದಂತೆ ಜನ ಬದಲಾಯಿಸುವ, ಟೆಂಡರ್ ಮುಗಿದೊಡನೆ ಏಜೆನ್ಸಿಯೇ ಬದಲಾಗುವ ಕಡೆ ಮೂರನೆಯ ಡೋಸ್ ಯಾರಿಗೆ ಬೀಳುತ್ತದೆ? ಕಲಿತವಳು ಹೊರಗೆ, ಕಲಿಯದವಳು ವಾರ್ಡಿನೊಳಗೆ. ಶಸ್ತ್ರಚಿಕಿತ್ಸೆ ಕೋಣೆ ತೊಳೆಯುವುದು ಆಸ್ಪತ್ರೆಗೆ ಅಗತ್ಯವಾದ ಕೆಲಸವಲ್ಲ ಎನ್ನುವ ಕಾನೂನನ್ನು ಬರೆದವರು, ತಮ್ಮವರನ್ನು ಯಾವ ಕೋಣೆಯಲ್ಲಿ ಮಲಗಿಸಲು ಒಪ್ಪುತ್ತಾರೆ ಎಂದು ಉತ್ತರಿಸಲಿ.

ಟೆಂಡರ್ ಬದಲಾದಾಗ ಕಾರ್ಮಿಕರು ಕಳೆದುಕೊಳ್ಳುವುದು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಐದು ವರ್ಷ ಒಂದೇ ಮಾಲೀಕನ ಬಳಿ ದುಡಿದರೆ ಗ್ರಾಚ್ಯುಟಿ ಎಂಬುದು 1972ರ ಕಾಯ್ದೆಯಿಂದ ಬಂದ ಹಕ್ಕು. ಒಂದೇ ಹಾಸ್ಟೆಲ್‌ನಲ್ಲಿ ಹದಿನೈದು ವರ್ಷ ಶೌಚಾಲಯ ತೊಳೆದವಳ ಹಾಜರಿಯಲ್ಲಿ ಐದಾರು ಏಜೆನ್ಸಿಗಳ ಹೆಸರಿದ್ದರೆ, ಯಾವೊಬ್ಬನ ಬಳಿಯೂ ಅವಳಿಗೆ ಐದು ವರ್ಷ ತುಂಬಿರುವುದಿಲ್ಲ. ಜಾಗ ಬದಲಾಗಲಿಲ್ಲ, ಕೆಲಸ ಬದಲಾಗಲಿಲ್ಲ, ವಾರ್ಡನ್ ಕೂಡ ಬಹುಶಃ ಅವರೇ. ಬದಲಾದದ್ದು ಕಾಗದ. ಆ ಕಾಗದ ಅವಳ ಮುಪ್ಪಿನ ಗಂಟನ್ನು ತಿಂದಿತು.

ಖಾಸಗಿ ಕಚೇರಿಗಳು, ಅಪಾರ್ಟ್‌ಮೆಂಟ್ ಸಂಘಗಳು ಹೌಸ್‌ಕೀಪಿಂಗ್ ಏಜೆನ್ಸಿ ಅಗ್ಗ ಎನ್ನುತ್ತವೆ. ಏಜೆನ್ಸಿಯ ಬಿಲ್ಲನ್ನು ಬಿಡಿಸಿ ನೋಡಲಿ. ಕನಿಷ್ಠ ವೇತನ, ಅದರ ಮೇಲೆ ಭವಿಷ್ಯನಿಧಿಗೆ ಮಾಲೀಕನ ಪಾಲು ಆಡಳಿತ ವೆಚ್ಚ ಸೇರಿ ಶೇ 13, ಇಎಸ್‌ಐಗೆ ಶೇ 3.25, ಬೋನಸ್‌ಗೆ ಕನಿಷ್ಠ ಶೇ 8.33. ಇವುಗಳಲ್ಲಿ ಒಂದನ್ನೂ ಏಜೆನ್ಸಿ ಕಾನೂನುಬದ್ಧವಾಗಿ ಕಡಿಮೆ ಮಾಡಲಾರದು. ಆಮೇಲೆ ಅದರ ಸೇವಾ ಶುಲ್ಕ, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಕಾನೂನಿನಂತೆ ನಡೆದರೆ ಏಜೆನ್ಸಿ ನೇರ ನೇಮಕಕ್ಕಿಂತ ದುಬಾರಿಯೇ ಆಗಬೇಕು. ಅಷ್ಟಾದರೂ ಅಗ್ಗವಾಗಿ ಬಂದರೆ, ಉಳಿದ ಹಣ ಒಂದೋ ಸಂಬಳದಿಂದ ಕದ್ದದ್ದು, ಇಲ್ಲವೇ ಭವಿಷ್ಯನಿಧಿಯಿಂದ, ಇಲ್ಲವೇ ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ ಉಳಿಸಿದ್ದು. ತಿಂಗಳ ನಿರ್ವಹಣಾ ಶುಲ್ಕ ನೂರು ರೂಪಾಯಿ ಕಡಿಮೆಯಾಯಿತೆಂದು ಸಭೆಯಲ್ಲಿ ಚಪ್ಪಾಳೆ ತಟ್ಟುವ ಮುನ್ನ ಆ ನೂರು ಯಾರ ತಟ್ಟೆಯಿಂದ ಬಂತೆಂದು ಕೇಳಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದವನು ಕೆಲಸ ಮಾಡಿಸಿಕೊಂಡವನೇ ಎಂಬುದು ಹಳೆಯ ಕಾಯ್ದೆಯಲ್ಲೂ ಇತ್ತು. ಆ ಹೊಣೆಯನ್ನು ಎಷ್ಟು ಸಂಘಗಳ ಪದಾಧಿಕಾರಿಗಳು ಓದಿದ್ದಾರೆ?

ಹೊಣೆ ತಪ್ಪಿಸುವುದು ಜೀವ ತೆಗೆಯುವ ಮಟ್ಟಕ್ಕೆ ಹೋಗುವುದು ಗುಂಡಿಗಳಲ್ಲಿ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದು ಮೂವರು ಸತ್ತರು. ಯಾವುದೇ ಇಂಥ ಸಾವಿನ ನಂತರ ಮೊದಲು ಏಳುವ ಪ್ರಶ್ನೆ, ಅವರನ್ನು ಇಳಿಸಿದವರು ಯಾರು ಎಂಬುದು. ಜಲಮಂಡಳಿ ಗುತ್ತಿಗೆದಾರನತ್ತ ಕೈ ತೋರಿಸುತ್ತದೆ, ಗುತ್ತಿಗೆದಾರ ಉಪಗುತ್ತಿಗೆದಾರನತ್ತ, ಅವನು ಕೂಲಿಯವರೇ ತಾವಾಗಿ ಇಳಿದರು ಎನ್ನುತ್ತಾನೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಮನುಷ್ಯರನ್ನು ಹೀಗೆ ಇಳಿಸುವುದನ್ನು ಅಪರಾಧವೆಂದಿದೆ. ಸುಪ್ರೀಂ ಕೋರ್ಟ್ 2014ರಲ್ಲಿ ಹತ್ತು ಲಕ್ಷ, 2023ರ ಅಕ್ಟೋಬರ್‌ನಲ್ಲಿ ಮೂವತ್ತು ಲಕ್ಷ ರೂಪಾಯಿ ಪರಿಹಾರ ಎಂದಿತು. ಪರಿಹಾರದ ಮೊತ್ತ ಏರಿದರೆ ಸಾಲದು. ಇಳಿಸಿದವನ ಹೆಸರು ನೇಮಕಾತಿ ಪತ್ರದಲ್ಲಿ ಮೊದಲೇ ಇದ್ದರೆ ಇಳಿಸುವ ಧೈರ್ಯವೇ ಬರುವುದಿಲ್ಲ.

ನ್ಯಾಯಾಲಯಗಳ ದಾರಿಯೂ ನೇರವಾಗಿ ಸಾಗಿಲ್ಲ. ಕೇಂದ್ರ ಸರ್ಕಾರದ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸಲು, ಒರೆಸಲು, ಕಾಯಲು ಗುತ್ತಿಗೆ ಕಾರ್ಮಿಕರು ಬೇಡವೆಂದು 1976ರ ಡಿಸೆಂಬರ್ 9ರಂದೇ ಅಧಿಸೂಚನೆ ಹೊರಟಿತ್ತು. ಹಾಗೆ ನಿಷೇಧವಾದೆಡೆ ದುಡಿಯುತ್ತಿದ್ದವರು ತಾವಾಗಿಯೇ ಸಂಸ್ಥೆಯ ನೌಕರರಾಗುತ್ತಾರೆ ಎಂದು ಏರ್ ಇಂಡಿಯಾ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು, ಅಧಿಸೂಚನೆಯನ್ನೂ ರದ್ದು ಮಾಡಿತು. ಅದೇ ಕೋರ್ಟ್ 2006ರಲ್ಲಿ ಕೊಟ್ಟ ಉಮಾದೇವಿ ತೀರ್ಪು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಬಂದದ್ದು. ಹಿಂಬಾಗಿಲಿನ ನೇಮಕಾತಿ ತಡೆಯಲು ಬಂದ ಆ ತೀರ್ಪನ್ನು ಇಲಾಖೆಗಳು ದಶಕಗಳ ಕಾಲ ದುಡಿದ ಬಡವರ ಮುಖದ ಮೇಲೆ ಬಾಗಿಲು ಹಾಕಲು ಬಳಸಿದವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ದುರ್ಬಳಕೆಯನ್ನು ಗುರುತಿಸಿತು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಗುಡಿಸಿ ಒರೆಸಿದ ಮಹಿಳೆಯರನ್ನೂ ಅವರೊಂದಿಗಿದ್ದ ಮಾಲಿಯನ್ನೂ ತೆಗೆದುಹಾಕಿದ್ದು ತಪ್ಪೆಂದು ಹೇಳಿ, ಅವರನ್ನು ಖಾಯಂ ಮಾಡಲು ಆದೇಶಿಸಿತು. ಕೆಲಸ ನಿರಂತರವಾಗಿದ್ದರೆ ಅದಕ್ಕೆ ತಾತ್ಕಾಲಿಕದ ಮುದ್ರೆ ಒತ್ತಿ ಹೊರಗುತ್ತಿಗೆಗೆ ಕೊಡುವುದನ್ನು ಪೀಠ ಖಂಡಿಸಿತು. ಕರ್ನಾಟಕದ ಕಾನೂನು ಇಲಾಖೆ ತನ್ನ ಅಭಿಪ್ರಾಯ ಬರೆಯುವಾಗ ಈ ತೀರ್ಪನ್ನು ಮೇಲಿಡಲಿ.

ಇನ್ನು ಸ್ವಯಂ ಉದ್ಯೋಗಿಯ ಮಾತು. ನಿಜವಾದ ಸ್ವಯಂ ಉದ್ಯೋಗಿಗಳೂ ಈ ಕ್ಷೇತ್ರದಲ್ಲಿ ಇದ್ದಾರೆ. ತನ್ನದೇ ಪಂಪು, ಬ್ರಷ್ಷು ತಂದು, ತಾನೇ ದರ ಹೇಳಿ, ಬೇಕೆಂದ ದಿನ ಬಂದು ಮನೆಯ ಸಂಪ್, ಟ್ಯಾಂಕ್ ತೊಳೆದುಕೊಟ್ಟು ಹೋಗುವವನು ತನ್ನ ಕಸುಬಿನ ಯಜಮಾನ. ಅವನಿಗೆ ನಾವು ಮಾಲೀಕರಲ್ಲ, ಗಿರಾಕಿಗಳು. ಆದರೆ ಆ್ಯಪ್ ಹೇಳಿದ ಮನೆಗೆ, ಆ್ಯಪ್ ಹೇಳಿದ ದರಕ್ಕೆ, ಆ್ಯಪ್ ಕೊಟ್ಟ ಸಮವಸ್ತ್ರ ತೊಟ್ಟು ಹೋಗಿ ಪಾತ್ರೆ ತೊಳೆದು, ನಕ್ಷತ್ರಗಳು ಕಡಿಮೆ ಬಿದ್ದರೆ ಕೆಲಸ ಕಳೆದುಕೊಳ್ಳುವ ಹೆಣ್ಣುಮಗಳನ್ನು ಪಾಲುದಾರಳು ಎಂದರೆ ಅದು ಸುಳ್ಳು. 2025ರಲ್ಲಿ ಒಂದು ಕಂಪನಿ ಹದಿನೈದು ನಿಮಿಷದಲ್ಲಿ ಮನೆಕೆಲಸದವರನ್ನು ಕಳಿಸುವ ಸೇವೆ ಆರಂಭಿಸಿ, ಅದಕ್ಕಿಟ್ಟ ಹೆಸರಿಗೆ ಟೀಕೆ ಬಂದಾಗ ಹೆಸರು ಬದಲಾಯಿಸಿತು. ಹೆಸರಿಗಿಂತ ಸಂಬಂಧ ಬದಲಾಗಬೇಕಿತ್ತು. 1978ರಲ್ಲಿಯೇ, ಕೋಳಿಕೋಡಿನ ಹಗ್ಗದ ಕಾರ್ಖಾನೆಯ ಕಾರ್ಮಿಕರ ಪ್ರಕರಣದಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದಕ್ಕೆ ಒರೆಗಲ್ಲು ಕೊಟ್ಟಿದ್ದಾರೆ: ಕಾಗದದ ಪರದೆ ಸರಿಸಿ ನೋಡಿ, ಯಾರ ವ್ಯವಹಾರಕ್ಕಾಗಿ ದುಡಿಯುತ್ತಾರೋ, ಕಾರ್ಮಿಕರ ಹೊಟ್ಟೆಪಾಡಿನ ಮೇಲೆ ಯಾರ ಹಿಡಿತವಿದೆಯೋ ಅವರೇ ಮಾಲೀಕರು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಒಳ್ಳೆಯ ಹೆಜ್ಜೆ, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿದೆ. ಆದರೆ ಕಲ್ಯಾಣ ಶುಲ್ಕ ಕನಿಷ್ಠ ವೇತನದ ಜಾಗ ತುಂಬಲಾರದು. ಮನೆಕೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ ಈ ವಿಷಯದಲ್ಲಿ ಹಿಂದೆ ಬೀಳಬಾರದು.

ಖಾಯಂ ಮಾಡಿದರೆ ಕೆಲಸಗಳ್ಳತನ ಬರುತ್ತದೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಖಾಯಂ ಆದ ಎಂಜಿನಿಯರ್, ಖಾಯಂ ಆದ ಗುಮಾಸ್ತ, ಖಾಯಂ ಆದ ಆಯುಕ್ತರ ವಿಷಯದಲ್ಲಿ ಯಾರೂ ಎತ್ತದ ಈ ಶಂಕೆ ಪೊರಕೆ ಹಿಡಿದವರ ವಿಷಯದಲ್ಲಿ ಮಾತ್ರ ಏಳುವುದಕ್ಕೆ ಕಾರಣ ಆಡಳಿತವಲ್ಲ, ಜಾತಿ. ಬದಲಿಗೆ ಬೇರೆಯವರನ್ನು ಕಳಿಸುವ, ಹಾಜರಿ ಹಾಕಿ ಮನೆಗೆ ಹೋಗುವ ಪ್ರಕರಣಗಳಿದ್ದರೆ ಅವಕ್ಕೆ ಶಿಸ್ತುಕ್ರಮದ ನಿಯಮಗಳಿವೆ, ಬಳಸಲಿ. ವೆಚ್ಚದ ವಾದಕ್ಕೆ ತೂಕವಿದೆ: ಸಂಬಳ, ಪಿಂಚಣಿಯ ಭಾರ ಸಣ್ಣ ಪುರಸಭೆಗಳಿಗೆ ಹೆಚ್ಚು. ಅದಕ್ಕೆ ರಾಜ್ಯ ಹಣಕಾಸು ಆಯೋಗದ ಅನುದಾನದಿಂದಲೇ ಸಂಬಳದ ಪಾಲು ಮೀಸಲಿಡಬೇಕೇ ಹೊರತು, ಭಾರವನ್ನು ತೀರಾ ಕೆಳಗಿನವರ ಬೆನ್ನಿಗೆ ದಾಟಿಸಬಾರದು.

ಕೇಂದ್ರದ ಸಂಹಿತೆ ಬಂದಿದೆ, ನಮ್ಮ ಕೈಯಲ್ಲಿ ಏನಿದೆ ಎಂದು ರಾಜ್ಯ ಸರ್ಕಾರ ಕೈಚೆಲ್ಲಿ ಕೂರಬಾರದು. ಗುತ್ತಿಗೆಗೆ ಕೊಡಬಹುದು ಎಂದು ಸಂಹಿತೆ ಹೇಳಿದೆಯೇ ಹೊರತು ಕೊಡಲೇಬೇಕು ಎಂದಿಲ್ಲ. ನೇರ ನೇಮಕಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಆಸ್ಪತ್ರೆ, ಶಾಲೆ, ಹಾಸ್ಟೆಲ್‌ಗಳ ಮಟ್ಟಿಗೆ ಸ್ವಚ್ಛತೆ ಮೂಲ ಚಟುವಟಿಕೆಯೇ ಎಂದು ತಿದ್ದುಪಡಿ ತಂದು ರಾಷ್ಟ್ರಪತಿಯವರ ಅಂಕಿತಕ್ಕೆ ಕಳಿಸಲಿ. ಅದು ಬರುವವರೆಗೆ ಕಾಯದೆ, ಮುಂದಿನ ಬಜೆಟ್‌ನಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಿಂದ ಆರಂಭಿಸಿ ಸ್ವಚ್ಛತಾ ಹುದ್ದೆಗಳನ್ನು ಮಂಜೂರು ಮಾಡಲಿ. ಕಸದ ಗಾಡಿಯ ಚಾಲಕರು, ಸಹಾಯಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರನ್ನು ಮೊದಲು ನೇರ ಪಾವತಿಗೆ, ನಂತರ ಖಾಯಮಾತಿಗೆ ತರಲಿ. ಈಗಿರುವ ಟೆಂಡರ್‌ಗಳು ಮುಗಿದಂತೆ ಒಂದನ್ನೂ ನವೀಕರಿಸದಿರಲಿ. ನೇಮಕಾತಿಯಲ್ಲಿ ಈಗಾಗಲೇ ಅದೇ ಜಾಗದಲ್ಲಿ ದುಡಿಯುತ್ತಿರುವವರಿಗೆ ಮೊದಲ ಹಕ್ಕು ಸಿಗಲಿ. ವಯಸ್ಸು ಮೀರಿದೆ, ಓದು ಬರುವುದಿಲ್ಲ, ಏಜೆನ್ಸಿಯ ದಾಖಲೆ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಅವರಲ್ಲಿ ಒಬ್ಬರನ್ನೂ ಹೊರಗಿಡಬಾರದು.